ಹಳೆಯ ಸಂಚಿಕೆಗಳ ಫೈಲುಗಳು: ಹೇಗೆ ಕಟ್ಟಿಡಬೇಕು, ಎಷ್ಟು ಕುಗ್ಗಿಸಬೇಕು?

ಪ್ರಶ್ನೆ: ನಮ್ಮದು ಸಣ್ಣದೊಂದು ಸಾಹಿತ್ಯ ಮಾಸಿಕ. ಎರಡು ದಶಕಗಳಿಗೂ ಹೆಚ್ಚಿನ ಸಂಚಿಕೆಗಳ ಪೇಜ್‌ಮೇಕರ್ ಫೈಲುಗಳು, ನುಡಿ ಮತ್ತು ಬರಹದಲ್ಲಿ ಟೈಪ್ ಮಾಡಿದ ಲೇಖನಗಳು, ಅದಕ್ಕೂ ಹಿಂದಿನ ಸಂಚಿಕೆಗಳ ಸ್ಕ್ಯಾನ್ ಪುಟಗಳು, ಸಮಾರಂಭಗಳ ಫೋಟೊಗಳು ಎಲ್ಲ ಸೇರಿ ಸುಮಾರು 700 ಜಿಬಿ ಆಗಿದೆ. ಹಳೆಯ ಜಿಪ್ ತಂತ್ರಾಂಶವೊಂದರಲ್ಲಿ ಕಟ್ಟಿಟ್ಟದ್ದನ್ನು ಈಚೆಗೆ ಲಿನಕ್ಸ್‌ನಲ್ಲಿ ಬಿಚ್ಚಿದಾಗ ಕನ್ನಡದ ಹೆಸರುಗಳ ಜಾಗದಲ್ಲಿ ಗ್ರೀಕ್ ಆಲ್ಫಾ, ಚುಕ್ಕಿ ತುಂಬಿದ ಚೌಕ, ನಿಂತ ಗೆರೆಗಳು ಕಂಡವು. ಎಕ್ಸ್‌ಝಡ್ ಎಂಬ ಕುಗ್ಗಿಸುವ ಸಾಧನದ 9ನೇ ಮಟ್ಟದಲ್ಲಿ ಹಾಕಿದರೆ ಎಲ್ಲವೂ ಅರ್ಧಕ್ಕಿಳಿಯುತ್ತದೆ ಎಂದು ಗೆಳೆಯರೊಬ್ಬರು ಹೇಳಿದರು. 2 ಜಿಬಿ ಮೆಮೊರಿಯ ನಮ್ಮ ಕಂಪ್ಯೂಟರಿನಲ್ಲಿ ರಾತ್ರಿ ಹಚ್ಚಿಟ್ಟದ್ದು ಬೆಳಗಾದರೂ ಮುಗಿದಿರಲಿಲ್ಲ. ಯಾವುದರಲ್ಲಿ ಕುಗ್ಗಿಸುವುದು ಒಳ್ಳೆಯದು? ಕುಗ್ಗಿಸಿದ ಮೇಲೆ ಮೂಲ ಫೈಲುಗಳನ್ನು ಅಳಿಸಬಹುದೇ? ಪಾಸ್‌ವರ್ಡ್ ಹಾಕಬೇಕೇ?

ಉತ್ತರ: ಅಳಿಸುವ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಈಗ ಏನನ್ನೂ ಅಳಿಸಬೇಡಿ. ಯಾವಾಗ ಅಳಿಸಬಹುದೆಂದು ಮುಂದೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಕುಗ್ಗಿಸುವ ಚಿಂತೆ ಹೆಚ್ಚು, ಮತ್ತೆ ತೆರೆಯುವ ಚಿಂತೆ ಕಡಿಮೆ ಎಂದು ನನಗೆ ಅನ್ನಿಸಿತು. ಹತ್ತು ವರ್ಷ ಬಿಟ್ಟು ಯಾರೋ ಸಂಶೋಧಕರು ಹಳೆಯ ದೀಪಾವಳಿ ಸಂಚಿಕೆಯ ಕಥೆಯೊಂದನ್ನು ಕೇಳಿಕೊಂಡು ಬಂದರೆ ನಿಮಗೆ ಬೇಕಾಗುವುದು ಆ ಕಥೆ. ಈಗ ಉಳಿಸಿದ ನಾಲ್ಕಾರು ಜಿಬಿ ಅಲ್ಲ. 2 ಟಿಬಿಯ ಡಿಸ್ಕ್ ಈಗ ಯಾವ ಅಂಗಡಿಯಲ್ಲೂ ಸಿಗುತ್ತದೆ, 700 ಜಿಬಿ ಅದರಲ್ಲಿ ಕುಗ್ಗಿಸದೆಯೇ ಹಿಡಿಸುತ್ತದೆ. ಹಾಗಾಗಿ ಕುಗ್ಗಿದಷ್ಟು ಲಾಭ ಎಂದುಕೊಳ್ಳಿ. ಕುಗ್ಗಿಸುವುದಕ್ಕಾಗಿ ಕಂಪ್ಯೂಟರನ್ನು ರಾತ್ರಿಯಿಡೀ ದುಡಿಸುವ ಅಗತ್ಯ ನಿಮಗಿಲ್ಲ.

(ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನೇ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು.)

ಕಟ್ಟುವುದು ಒಂದು ಕೆಲಸ, ಕುಗ್ಗಿಸುವುದು ಇನ್ನೊಂದು. ಜಿಪ್ ಎರಡನ್ನೂ ಒಟ್ಟಿಗೆ ಮಾಡಿಬಿಡುವುದರಿಂದ ವಿಂಡೋಸ್ ಬಳಸಿ ರೂಢಿಯಾದವರಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಯುನಿಕ್ಸ್ ಪರಂಪರೆಯಲ್ಲಿ ಟಾರ್ ಎಂಬುದು ಬರೀ ಮೂಟೆ ಕಟ್ಟುತ್ತದೆ, ಒಳಗಿನದನ್ನು ಹಿಂಡುವುದಿಲ್ಲ. ಮ್ಯಾಗ್ನೆಟಿಕ್ ಟೇಪಿಗೆ ಬರೆಯಲೆಂದು ಮಾಡಿದ ಈ ಸಾಧನ 1979ರ ಯುನಿಕ್ಸ್ ಏಳನೆಯ ಆವೃತ್ತಿಯ ಜೊತೆ ಬಂತು. ಅದರ ಒಳರಚನೆ ತೀರಾ ಸರಳ: ಪ್ರತಿ ಫೈಲಿನ ಮುಂದೆ 512 ಬೈಟಿನ ಒಂದು ತಲೆಪಟ್ಟಿ. ಹೆಸರು, ಅನುಮತಿ, ಒಡೆಯ, ಗಾತ್ರ, ಕೊನೆಯ ಬಾರಿ ತಿದ್ದಿದ ವೇಳೆ ಎಲ್ಲವೂ ಅದರಲ್ಲಿರುತ್ತವೆ. ಅದರ ಬೆನ್ನಿಗೆ ಫೈಲಿನ ಒಳಗಿನದು ಇದ್ದ ಹಾಗೆಯೇ ಬರುತ್ತದೆ. ಎಲ್ಲ ಮುಗಿದ ಮೇಲೆ 512 ಬೈಟಿನ ಎರಡು ಖಾಲಿ ತುಂಡುಗಳು. ಗಾತ್ರ, ವೇಳೆಗಳು ಕೂಡ ಕಣ್ಣಲ್ಲೇ ಓದಬಹುದಾದ ಅಂಕಿಗಳಾಗಿ, ಎಂಟರ ಮೂಲದ ಎಣಿಕೆಯಲ್ಲಿ ಇರುತ್ತವೆ. ನಾಳೆ ಟಾರ್ ಎಂಬ ಪ್ರೋಗ್ರಾಮೇ ಸಿಗದೆ ಹೋದರೂ ತಿಳಿದವರೊಬ್ಬರು ಒಂದು ಸಂಜೆ ಕುಳಿತರೆ ಅದನ್ನು ಬಿಚ್ಚುವ ಸಾಧನವನ್ನು ಬರೆದುಕೊಳ್ಳಬಹುದು. ದೀರ್ಘಕಾಲ ಇಡುವ ವಸ್ತುವಿಗೆ ಇದಕ್ಕಿಂತ ದೊಡ್ಡ ಯೋಗ್ಯತೆ ಬೇಡ. ಅಂದ ಹಾಗೆ, 2018ರಿಂದ ವಿಂಡೋಸ್ 10ರೊಳಗೂ ಟಾರ್ ಸೇರಿಕೊಂಡಿದೆ, ಆದ್ದರಿಂದ ಕಚೇರಿಯ ಉಳಿದವರು ತೆರೆಯಲಾರರು ಎಂಬ ಭಯ ಬೇಡ.

ಕುಗ್ಗಿಸುವ ಸಾಧನಗಳು ಬೇರೆ. ಜೀಜಿಪ್ 1992ರಲ್ಲಿ ಬಂತು. ಅದಕ್ಕೂ ಮೊದಲಿದ್ದ ಕಂಪ್ರೆಸ್ ಎಂಬ ಸಾಧನದ ವಿಧಾನಕ್ಕೆ ಪೇಟೆಂಟಿನ ತಕರಾರು ಇದ್ದುದರಿಂದ ಝಾನ್-ಲೂ ಗೈಯಿ ಮತ್ತು ಮಾರ್ಕ್ ಆಡ್ಲರ್ ಇದನ್ನು ಬರೆದರು. ಜೂಲಿಯನ್ ಸೀವರ್ಡ್ ಅವರ ಬಿಜಿಪ್2 1996ರದ್ದು. ನಿಮ್ಮ ಗೆಳೆಯರು ಹೇಳಿದ ಎಕ್ಸ್‌ಝಡ್ 2009ರಲ್ಲಿ ಬಂತು. ಯಾನ್ ಕೊಲೆ ಫೇಸ್‌ಬುಕ್‌ನಲ್ಲಿದ್ದಾಗ ರೂಪಿಸಿದ ಝಡ್‌ಎಸ್‌ಟಿಡಿಯ ಮೊದಲ ಪೂರ್ಣ ಆವೃತ್ತಿ 2016ರದ್ದು. ನನ್ನ ಸಲಹೆ ಈ ಕೊನೆಯದು. ಕಾರಣ ಹೇಳುವ ಮೊದಲು ನಿಮ್ಮ 700 ಜಿಬಿಯಲ್ಲಿ ಕುಗ್ಗುವಂಥದ್ದು ಎಷ್ಟಿದೆ ಎಂದು ನೋಡೋಣ.

ಫೋಟೊಗಳು ಜೆಪೆಗ್ ಆಗಿದ್ದರೆ ಅವು ಕ್ಯಾಮೆರಾದಲ್ಲಿಯೇ ಕುಗ್ಗಿ ಬಂದಿರುತ್ತವೆ. ಸಮಾರಂಭದ ವಿಡಿಯೊಗಳೂ ಹಾಗೆಯೇ. ಪಿಡಿಎಫ್ ಬಹುಪಾಲು ಒಳಗೇ ಕುಗ್ಗಿರುತ್ತದೆ. ಹೊಸ ವರ್ಡ್‌ನ ಡಾಕ್ಸ್ ಫೈಲು ಮೂಲತಃ ಒಂದು ಜಿಪ್. ಅದರ ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿದರೆ ಬಿಚ್ಚಿಕೊಳ್ಳುತ್ತದೆ. ಇವುಗಳನ್ನು 9ನೇ ಮಟ್ಟಕ್ಕೆ ಹಾಕಿದರೂ 19ನೇ ಮಟ್ಟಕ್ಕೆ ಹಾಕಿದರೂ ನೂರರಲ್ಲಿ ಒಂದೆರಡು ಪಾಲು ಇಳಿದರೆ ಹೆಚ್ಚು. ಇಂಥವನ್ನು ಕುಗ್ಗಿಸದೆ ಬರೀ ಟಾರ್ ಮಾಡಿ ಇಡಿ. ಬೇಗ ಮುಗಿಯುತ್ತದೆ, ಹಾಳಾದಾಗ ಆಗುವ ನಷ್ಟವೂ ಕಡಿಮೆ. ಈ ಎರಡನೆಯ ಮಾತಿಗೆ ಆಮೇಲೆ ಬರುತ್ತೇನೆ.

ಸ್ಕ್ಯಾನ್ ಪುಟಗಳ ವಿಷಯ ಬೇರೆ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದ, ಪ್ರತಿ ಚುಕ್ಕಿಗೆ 3 ಬೈಟ್. ಒಂದು ಪುಟಕ್ಕೆ ಸುಮಾರು 26 ಎಂಬಿ. ಅದು ಟಿಫ್ ಎಂಬ ಚಿತ್ರರೂಪದಲ್ಲಿ, ಕುಗ್ಗಿಸದೆ ಉಳಿಸಿದ್ದಾಗಿದ್ದರೆ ಇದರಲ್ಲಿ ಉಳಿತಾಯ ಇದೆ, ಆದರೆ ಜನ ನಿರೀಕ್ಷಿಸುವಷ್ಟಲ್ಲ. ಕಣ್ಣಿಗೆ ಬಿಳಿಯಾಗಿ ಕಾಣುವ ಹಾಳೆ ಸ್ಕ್ಯಾನರಿಗೆ ಒಂದೇ ಬಿಳಿಯಲ್ಲ: ಕಾಗದದ ನಾರು, ಹಳದಿಗಟ್ಟಿದ ಅಂಚು, ಹಿಂಬದಿಯ ಅಚ್ಚಿನ ನೆರಳು, ಸ್ಕ್ಯಾನರಿನ ಸ್ವಂತ ಗದ್ದಲ ಎಲ್ಲ ಸೇರಿ ಅಕ್ಕಪಕ್ಕದ ಚುಕ್ಕಿಗಳು ತುಸು ತುಸು ಬೇರೆಯಾಗಿರುತ್ತವೆ. ಕುಗ್ಗಿಸುವ ಸಾಧನಗಳು ಬದುಕುವುದು ಪುನರಾವರ್ತನೆಯ ಮೇಲೆ. ಒಂದರಂತೆ ಇನ್ನೊಂದು ಇಲ್ಲದ ಕಡೆ ಅವು ಕೈಚೆಲ್ಲುತ್ತವೆ. ಇಲ್ಲಿ ಟಿಫ್‌ನ ಒಳಗಿನ ಕುಗ್ಗಿಸುವಿಕೆಯೇ ಮೇಲು, ಏಕೆಂದರೆ ಅದು ಚುಕ್ಕಿಯ ಬದಲು ಪಕ್ಕದ ಚುಕ್ಕಿಗೂ ಅದಕ್ಕೂ ಇರುವ ವ್ಯತ್ಯಾಸವನ್ನು ಬರೆದಿಡಬಲ್ಲದು, ಆ ವ್ಯತ್ಯಾಸಗಳು ಸಣ್ಣವು, ಮತ್ತೆ ಮತ್ತೆ ಬರುವಂಥವು. ಟಿಫ್‌ಸಿಪಿ ಎಂಬ ಸಾಧನಕ್ಕೆ ‘-ಸಿ ಜಿಪ್:2’ ಎಂದು ಹೇಳಿದರೆ ಒಂದು ಚುಕ್ಕಿಯನ್ನೂ ಕಳೆಯದೆ ಈ ಕೆಲಸ ಮಾಡಿಕೊಡುತ್ತದೆ. ಫೈಲು ಮೊದಲಿನಂತೆಯೇ ಟಿಫ್ ಆಗಿ ತೆರೆಯುತ್ತದೆ. ಒಂದು ಸಂಚಿಕೆಯ ಮೇಲೆ ಪ್ರಯೋಗ ಮಾಡಿ ನೋಡಿ. ಅದಕ್ಕೂ ಮೊದಲು ಟಿಫ್‌ಇನ್ಫೊ ಕಮಾಂಡಿನಿಂದ ನಿಮ್ಮ ಫೈಲು ಈಗಾಗಲೇ ಒಳಗೆ ಕುಗ್ಗಿದೆಯೇ ಎಂದು ತಿಳಿದುಕೊಳ್ಳಿ. ಕುಗ್ಗಿದ್ದರೆ ಈ ಶ್ರಮವೇ ಬೇಡ.

ನಿಜವಾಗಿ ಕುಗ್ಗುವುದು ಪಠ್ಯ. ಅದರಲ್ಲೂ ಕನ್ನಡದ ಪಠ್ಯ. ಯುನಿಕೋಡ್ ಕನ್ನಡವನ್ನು ಯುಟಿಎಫ್-8 ಎಂಬ, ಬೈಟುಗಳಾಗಿ ಬರೆದಿಡುವ ಕ್ರಮದಲ್ಲಿ ಉಳಿಸಿದಾಗ ಪ್ರತಿ ಅಕ್ಷರಸಂಕೇತಕ್ಕೆ ಮೂರು ಬೈಟ್ ಬೇಕು. ಮೊದಲ ಬೈಟಿನ ಬೆಲೆ ಯಾವಾಗಲೂ 224, ಎರಡನೆಯದು 178 ಅಥವಾ 179; ಬದಲಾಗುತ್ತ ಹೋಗುವುದು ಬಹುಮಟ್ಟಿಗೆ ಮೂರನೆಯದು ಮಾತ್ರ. ಹೀಗಾಗಿ ಇಂಗ್ಲಿಷಿಗಿಂತ ಮೂರು ಪಟ್ಟು ಜಾಗ ತಿನ್ನುವ ಕನ್ನಡ ಎಂಬ ದೂರು ಕುಗ್ಗಿಸಿದ ಕೂಡಲೇ ಬಹುಪಾಲು ಕರಗುತ್ತದೆ. ಆದರೆ ನಿಮ್ಮಲ್ಲಿರುವ ಪಠ್ಯ ಎಲ್ಲ ಸೇರಿದರೂ ಕೆಲವೇ ಜಿಬಿ ಇರಬಹುದು, ಒಟ್ಟು ಲೆಕ್ಕದಲ್ಲಿ ಅದರ ಪಾಲು ಸಣ್ಣದು.

ಪೇಜ್‌ಮೇಕರ್ ಫೈಲುಗಳಲ್ಲಿ ಮಾತ್ರ ದೊಡ್ಡ ಲಾಭ ಅಡಗಿರುತ್ತದೆ. ಯಾವ ಪತ್ರಿಕೆಯ ಫೋಲ್ಡರನ್ನು ತೆರೆದರೂ ಒಂದು ದೃಶ್ಯ ತಪ್ಪುವುದಿಲ್ಲ: ‘ಮಾರ್ಚ್ ಅಂತಿಮ’, ‘ಮಾರ್ಚ್ ಅಂತಿಮ 2’, ‘ಮಾರ್ಚ್ ಅಂತಿಮ ತಿದ್ದಿದ್ದು’, ‘ಮಾರ್ಚ್ ಪ್ರೆಸ್ಸಿಗೆ’, ‘ಮಾರ್ಚ್ ಪ್ರೆಸ್ಸಿಗೆ ಹೊಸತು’. ಐದು ಫೈಲುಗಳ ನಡುವೆ ವ್ಯತ್ಯಾಸ ಒಂದು ಜಾಹೀರಾತು, ನಾಲ್ಕು ಕಾಗುಣಿತ. ಜಿಪ್‌ಗೆ ಇದು ತಿಳಿಯುವುದೇ ಇಲ್ಲ, ಅದು ಪ್ರತಿ ಫೈಲನ್ನೂ ಬೇರೆ ಬೇರೆಯಾಗಿ ಕುಗ್ಗಿಸುತ್ತದೆ. ಟಾರ್ ಮಾಡಿ ಜೀಜಿಪ್‌ಗೆ ಕೊಟ್ಟರೂ ಪ್ರಯೋಜನವಿಲ್ಲ. ಜೀಜಿಪ್ ಹಿಂತಿರುಗಿ ನೋಡುವುದು 32 ಕೆಬಿಯಷ್ಟು ದೂರ ಮಾತ್ರ. ‘ಅಂತಿಮ 2’ ಬರುವ ಹೊತ್ತಿಗೆ ‘ಅಂತಿಮ’ ಎಂಬುದು ಅದರ ನೆನಪಿನಿಂದ ಅಳಿಸಿಹೋಗಿರುತ್ತದೆ. ಎಕ್ಸ್‌ಝಡ್‌ನ 9ನೇ ಮಟ್ಟ 64 ಎಂಬಿ ದೂರ ನೋಡುತ್ತದೆ. ನಿಮ್ಮ ಗೆಳೆಯರಿಗೆ ಎಲ್ಲೋ ಅರ್ಧಕ್ಕಿಳಿದದ್ದು ಇದರಿಂದಲೇ ಇರಬೇಕು. ಝಡ್‌ಎಸ್‌ಟಿಡಿಗೆ ‘--ಲಾಂಗ್=27’ ಎಂದು ಹೇಳಿದರೆ 128 ಎಂಬಿ ಹಿಂದಕ್ಕೆ ನೋಡುತ್ತದೆ, ಅದೂ ಎಕ್ಸ್‌ಝಡ್‌ನ ಹೊತ್ತಿನ ಒಂದು ಸಣ್ಣ ಪಾಲಿನಲ್ಲಿ. ಒಂದೇ ಸಂಚಿಕೆಯ ಕರಡುಗಳು ಟಾರ್‌ನೊಳಗೆ ಅಕ್ಕಪಕ್ಕ ಇದ್ದಷ್ಟೂ ಒಳ್ಳೆಯದು; ಅದಕ್ಕೆ ಟಾರ್‌ಗೆ ‘--ಸಾರ್ಟ್=ನೇಮ್’ ಎಂದು ಹೇಳಬೇಕು, ಇಲ್ಲದಿದ್ದರೆ ಅದು ಡಿಸ್ಕ್ ಕೊಟ್ಟ ಕ್ರಮದಲ್ಲೇ ತುಂಬುತ್ತ ಹೋಗುತ್ತದೆ.

ಈಗ ನಿಮ್ಮ ರಾತ್ರಿಯಿಡೀ ಓಡಿದ ಎಕ್ಸ್‌ಝಡ್‌ಗೆ ಬರೋಣ. 9ನೇ ಮಟ್ಟದಲ್ಲಿ ಕುಗ್ಗಿಸಲು ಒಂದು ಎಳೆಗೇ (ಏಕಕಾಲಕ್ಕೆ ಓಡುವ ಕೆಲಸದ ಒಂದು ಸಾಲಿಗೇ) ಅದಕ್ಕೆ 674 ಎಂಬಿ ಮೆಮೊರಿ ಬೇಕು. ಹಲವು ಎಳೆಗಳಲ್ಲಿ ಓಡಿಸಿದರೆ ಅಷ್ಟೂ ಪಾಲು ಏರುತ್ತದೆ. 2 ಜಿಬಿಯ ಯಂತ್ರದಲ್ಲಿ ಮೆಮೊರಿ ತುಂಬಿದ ಕೂಡಲೇ ಕೆಲಸ ಸ್ವಾಪಿಗೆ, ಅಂದರೆ ಮೆಮೊರಿಗೆ ಬದಲಾಗಿ ಬಳಸುವ ಹಾರ್ಡ್ ಡಿಸ್ಕಿನ ಜಾಗಕ್ಕೆ ಬೀಳುತ್ತದೆ, ಅಲ್ಲಿಂದ ಮುಂದೆ ಎಲ್ಲವೂ ತೆವಳುತ್ತದೆ. ಅದೇ ಎಕ್ಸ್‌ಝಡ್‌ನ ರೂಢಿಯ 6ನೇ ಮಟ್ಟಕ್ಕೆ 94 ಎಂಬಿ ಸಾಕು. 8 ಎಂಬಿಗಿಂತ ಚಿಕ್ಕ ಫೈಲನ್ನು 7, 8, 9ಕ್ಕೆ ಏರಿಸಿ ಪ್ರಯೋಜನವೇ ಇಲ್ಲ. 9 ಎಂಬ ಅಂಕಿ ನೋಡಿದಾಗ ಅದಕ್ಕೇ ಕೈ ಹೋಗುವುದು ಸಹಜ, ಆದರೆ ಈ ಸಾಧನಗಳಲ್ಲಿ ಕೊನೆಯ ಎರಡು ಮೂರು ಮೆಟ್ಟಿಲುಗಳಿಗೆ ತೆರುವ ಹೊತ್ತು ಅಲ್ಲಿ ಸಿಗುವ ಉಳಿತಾಯಕ್ಕೆ ಸಾಮಾನ್ಯವಾಗಿ ಸರಿದೂಗುವುದಿಲ್ಲ. ಝಡ್‌ಎಸ್‌ಟಿಡಿಯ ಮಟ್ಟಗಳು 1ರಿಂದ 19ರವರೆಗೆ, ಏನೂ ಹೇಳದಿದ್ದರೆ 3. ನಿಮ್ಮ ಯಂತ್ರಕ್ಕೆ 10 ಸಾಕು. ಕುಗ್ಗಿಸುವ ಮಟ್ಟ ಎಷ್ಟೇ ಏರಿದರೂ ಬಿಚ್ಚುವ ವೇಗ ಹೆಚ್ಚು ಕಡಿಮೆ ಒಂದೇ ಇರುವುದು ಇದರ ದೊಡ್ಡ ಗುಣ.

ಎಕ್ಸ್‌ಝಡ್‌ನ ಹೆಸರು ಕೇಳಿದವರು 2024ರ ಸುದ್ದಿಯನ್ನೂ ಕೇಳಿರಬಹುದು. ಆ ವರ್ಷ ಮಾರ್ಚ್‌ನಲ್ಲಿ ಅದರ 5.6.0 ಮತ್ತು 5.6.1 ಆವೃತ್ತಿಗಳೊಳಗೆ ಯಾರೋ ಹಿಂಬಾಗಿಲು ಇಟ್ಟಿದ್ದು ಬಯಲಾಯಿತು. ದೂರದ ಯಂತ್ರಕ್ಕೆ ಲಾಗಿನ್ ಆಗುವಾಗ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಅದು ಸಿಕ್ಕಿಬಿತ್ತು. ಆ ಆವೃತ್ತಿಗಳನ್ನು ಹಿಂದೆಗೆದುಕೊಂಡಾಗಿದೆ. ಎಕ್ಸ್‌ಝಡ್ ರೂಪದ ನಿಮ್ಮ ಹಳೆಯ ಫೈಲುಗಳಿಗೆ ಇದರಿಂದ ಯಾವ ಅಪಾಯವೂ ಇಲ್ಲ.

ಇನ್ನು ಕೆಲಸಕ್ಕೆ ಇಳಿಯೋಣ. ಎಲ್ಲವನ್ನೂ ಒಂದೇ ದೊಡ್ಡ ಆರ್ಕೈವ್ (ಕಟ್ಟಿದ ಮೂಟೆ) ಮಾಡಬೇಡಿ. ವರ್ಷಕ್ಕೊಂದರಂತೆ ಮಾಡಿ, ಫೋಟೊ ಮತ್ತು ವಿಡಿಯೊಗಳನ್ನು ಬೇರೆ ಇಡಿ. 2008ರ ಫೋಲ್ಡರ್ ಇರುವ ಜಾಗಕ್ಕೆ ಹೋಗಿ, ಅದರ ಒಳಗಲ್ಲ, ಅದರ ಹೊರಗೆ ನಿಂತು ಹೀಗೆ ಹೇಳಿ:

ಟಾರ್ --ಫಾರ್ಮ್ಯಾಟ್=ಪೋಸಿಕ್ಸ್ --ಸಾರ್ಟ್=ನೇಮ್ -ಸಿಎಫ್ 2008.ಟಾರ್ 2008

ಝಡ್‌ಎಸ್‌ಟಿಡಿ -10 --ಲಾಂಗ್=27 2008.ಟಾರ್

ಮೊದಲನೆಯದು ಕಟ್ಟುತ್ತದೆ, ಎರಡನೆಯದು ಕುಗ್ಗಿಸಿ ಪಕ್ಕದಲ್ಲಿ ಹೊಸ ಫೈಲು ಇಡುತ್ತದೆ. ಝಡ್‌ಎಸ್‌ಟಿಡಿ ಮೂಲವನ್ನು ಮುಟ್ಟುವುದಿಲ್ಲ. ಜೀಜಿಪ್ ಮತ್ತು ಎಕ್ಸ್‌ಝಡ್‌ಗಳು ಕುಗ್ಗಿಸಿದ ಮೇಲೆ ಮೂಲವನ್ನು ತಾವೇ ಅಳಿಸಿಬಿಡುತ್ತವೆ, ಬೇಡವೆಂದರೆ ‘-ಕೆ’ ಎಂದು ಹೇಳಬೇಕು. ಲಾಂಗ್‌ನ ಅಂಕಿ 27ನ್ನು ದಾಟಿಸಬೇಡಿ. ದಾಟಿದರೆ ಬಿಚ್ಚುವವರೂ ಅದೇ ಅಂಕಿಯನ್ನು ಹೇಳಬೇಕಾಗುತ್ತದೆ, ನಿಮ್ಮ ನಂತರ ಬರುವವರಿಗೆ ಅದು ಹೇಗೆ ತಿಳಿಯಬೇಕು?

‘ಸಿಎಫ್’ ಎಂಬಲ್ಲಿ ಅಕ್ಷರಗಳ ಕ್ರಮ ಮುಖ್ಯ. ಎಫ್‌ನ ಬೆನ್ನಿಗೆ ಏನು ಬರುತ್ತದೋ ಅದನ್ನೇ ಟಾರ್ ಆರ್ಕೈವಿನ ಹೆಸರೆಂದು ತಿಳಿಯುತ್ತದೆ. ಯಾರಾದರೂ ‘-ಸಿಎಫ್‌ಝಡ್’ ಎಂದು ಬರೆದರೆ ‘ಝಡ್’ ಎಂಬ ಹೆಸರಿನ ಆರ್ಕೈವ್ ಹುಟ್ಟುತ್ತದೆ. ಇದು ಬರೀ ನಗೆಪಾಟಲು. ನಿಜವಾದ ಅನಾಹುತ ಇನ್ನೊಂದಿದೆ: ಆರ್ಕೈವಿನ ಹೆಸರನ್ನು ಮರೆತು ‘ಟಾರ್ -ಸಿಎಫ್ *’ ಎಂದುಬಿಡುವುದು. ನಕ್ಷತ್ರ ಚಿಹ್ನೆ ಎಲ್ಲ ಫೈಲುಗಳ ಹೆಸರಾಗಿ ಹರಡಿಕೊಂಡಾಗ ಮೊದಲ ಫೈಲೇ ಆರ್ಕೈವಿನ ಹೆಸರಿನ ಸ್ಥಾನದಲ್ಲಿ ಕೂರುತ್ತದೆ. ಅದರಲ್ಲಿದ್ದ ಲೇಖನ ಹೋಗಿ ಉಳಿದ ಫೈಲುಗಳ ಮೂಟೆ ಆ ಹೆಸರಿನಲ್ಲಿ ಬಂದು ನಿಲ್ಲುತ್ತದೆ. ಟಾರ್ ಒಂದು ಮಾತನ್ನೂ ಆಡುವುದಿಲ್ಲ. ಒಳಗೆ ಹಾಕಬೇಕಾದ್ದನ್ನು ಹೇಳಲು ಮರೆತರೆ ಮಾತ್ರ ಅದು ಖಾಲಿ ಆರ್ಕೈವ್ ಮಾಡಲು ತನಗೆ ಪುಕ್ಕಲು ಎಂದು ತಾನೇ ಒಪ್ಪಿಕೊಂಡು ನಿಲ್ಲುತ್ತದೆ. ಆದ್ದರಿಂದ ಹೆಸರು ಮೊದಲು, ಸರಕು ಆಮೇಲೆ. ಕಟ್ಟಿದ ಮೇಲೆ ‘ಟಾರ್ -ಟಿಎಫ್ 2008.ಟಾರ್’ ಎಂದರೆ ಒಳಗೇನಿದೆ ಎಂಬ ಪಟ್ಟಿ ಬರುತ್ತದೆ. ಆ ಪಟ್ಟಿಯನ್ನು ಒಂದು ಪಠ್ಯಫೈಲಿಗೆ ಉಳಿಸಿ ಆರ್ಕೈವಿನ ಪಕ್ಕದಲ್ಲೇ ಇಟ್ಟರೆ ಹುಡುಕುವಾಗ ದೊಡ್ಡ ಫೈಲನ್ನು ತೆರೆಯುವ ಗೋಜಿರುವುದಿಲ್ಲ.

‘--ಫಾರ್ಮ್ಯಾಟ್=ಪೋಸಿಕ್ಸ್’ ಎಂದು ಯಾಕೆ ಹೇಳಿಸಿದೆ ಎಂದರೆ, ಕನ್ನಡದ ಹೆಸರುಗಳಿಗಾಗಿ. ಟಾರ್‌ನ ಹಳೆಯ ತಲೆಪಟ್ಟಿಯಲ್ಲಿ ಹೆಸರಿಗೆ ಇರುವ ಜಾಗ 100 ಬೈಟ್. ಇಂಗ್ಲಿಷಿನಲ್ಲಿ ಅದು ನೂರು ಅಕ್ಷರ. ಕನ್ನಡದಲ್ಲಿ ಮೂರರಿಂದ ಭಾಗಿಸಿ, 33. ಅದರಲ್ಲೂ ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರದ ವಿರಾಮ ಎಲ್ಲ ಬೇರೆ ಬೇರೆ ಸಂಕೇತಗಳೇ. ‘ಸಂಪಾದಕೀಯ’ ಎಂಬ ಒಂದು ಪದ 24 ಬೈಟ್ ತೆಗೆದುಕೊಳ್ಳುತ್ತದೆ. ವರ್ಷ, ತಿಂಗಳು, ಲೇಖಕರ ಹೆಸರು, ಕಥೆಯ ಹೆಸರು ಎಲ್ಲವನ್ನೂ ಫೈಲಿನ ಹೆಸರಿಗೇ ತುಂಬುವ ಅಭ್ಯಾಸ ನಿಮ್ಮಲ್ಲಿದ್ದರೆ ನೂರು ಬೈಟ್ ಮುಗಿಯಲು ಹೊತ್ತು ಬೇಕಿಲ್ಲ. ಹೊಸ ಪೋಸಿಕ್ಸ್ ರೂಪ ಉದ್ದದ ಹೆಸರುಗಳನ್ನು ಯುಟಿಎಫ್-8ರಲ್ಲಿ ಬೇರೆಯಾಗಿ ಬರೆದಿಡುತ್ತದೆ. ಲಿನಕ್ಸ್‌ನ ಡಿಸ್ಕಿನಲ್ಲಿಯೂ ಒಂದು ಹೆಸರಿಗೆ 255 ಬೈಟಿನ ಮಿತಿ ಇದೆ, ಕನ್ನಡಕ್ಕೆ ಅದು 85 ಸಂಕೇತ.

ನಿಮ್ಮ ಜಿಪ್‌ನ ಆಲ್ಫಾ ಮತ್ತು ಚೌಕಗಳ ಗುಟ್ಟೂ ಈ ಬೈಟುಗಳಲ್ಲೇ ಇದೆ, ಸುದ್ದಿ ಒಳ್ಳೆಯದು. ಜಿಪ್ 1989ರಲ್ಲಿ ಬಂದಾಗ ಹೆಸರುಗಳಿಗೆ ಐಬಿಎಂ ಪಿಸಿಯ ಹಳೆಯ 437ನೇ ಅಕ್ಷರಪಟ್ಟಿಯನ್ನು ನೆಚ್ಚಿಕೊಂಡಿತ್ತು. ಹೆಸರು ಯುಟಿಎಫ್-8ರಲ್ಲಿದೆ ಎಂದು ಸಾರುವ ಗುರುತು ಅದರ ನಿಯಮಾವಳಿಗೆ ಸೇರಿದ್ದು 2006ರಲ್ಲಿ. ಹಳೆಯ ತಂತ್ರಾಂಶಗಳು ಆ ಗುರುತನ್ನು ಹಾಕುವುದಿಲ್ಲ. ಗುರುತಿಲ್ಲದ ಹೆಸರನ್ನು ಲಿನಕ್ಸ್ ಆ ಹಳೆಯ ಪಟ್ಟಿಯ ಪ್ರಕಾರ ಓದುತ್ತದೆ. ಆ ಪಟ್ಟಿಯಲ್ಲಿ 224 ಎಂದರೆ ಆಲ್ಫಾ, 178 ಎಂದರೆ ಚುಕ್ಕಿ ತುಂಬಿದ ಚೌಕ, 179 ಎಂದರೆ ನಿಂತ ಗೆರೆ. ನೀವು ಬರೆದ ಮೂರೂ ಇವೇ! ಅಂದರೆ ಕನ್ನಡದ ಬೈಟುಗಳು ಒಂದೂ ಕಳೆದುಹೋಗಿಲ್ಲ, ಓದುವ ಕನ್ನಡಕ ಮಾತ್ರ ತಪ್ಪಿದೆ. ಡೆಬಿಯನ್ ಮತ್ತು ಉಬುಂಟುಗಳ ಅನ್‌ಜಿಪ್‌ನಲ್ಲಿ ದೊಡ್ಡ ಓ ಅಕ್ಷರದ ಆಯ್ಕೆಯೊಂದಿದೆ. ಅದಕ್ಕೆ ಯುಟಿಎಫ್-8 ಎಂದು ಹೇಳಿ ಹೊಸ ಫೋಲ್ಡರಿನಲ್ಲಿ ಮತ್ತೆ ಬಿಚ್ಚಿ. ಆಲ್ಫಾ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ಬಂದಿರುವ ಜಿಪ್ ಏನಾದರೂ ಇದ್ದರೆ ಅದರ ಹೆಸರುಗಳು ಕಟ್ಟುವಾಗಲೇ ಹೋಗಿವೆ. ಒಳಗಿನದನ್ನು ತೆರೆದು ನೋಡಿ ಕೈಯಾರೆ ಹೆಸರಿಡಬೇಕು.

ಇಷ್ಟೆಲ್ಲ ಮಾಡಿದರೂ ಫೈಲು ತೆರೆದಾಗ ಅಕ್ಷರ ಕಾಣದಿರುವ ಅಪಾಯ ನಿಮಗೆ ಇದೆ, ಅದನ್ನು ನೀವು ಕೇಳಲೇ ಇಲ್ಲ. ಯುನಿಕೋಡ್‌ಗೆ ಮೊದಲಿನ ನುಡಿ, ಬರಹದ ಪಠ್ಯಗಳಲ್ಲಿ ಇರುವುದು ಕನ್ನಡದ ಸಂಕೇತಗಳಲ್ಲ, ಆ ಫಾಂಟಿನ ಅಕ್ಷರತುಣುಕುಗಳ ಸಂಖ್ಯೆಗಳು. ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳ ಗೊಂಚಲಾಗಿ ಕಾಣುತ್ತವೆ. ಫೈಲು ಬದಲಾಗಿಲ್ಲವೆಂದು ಪರೀಕ್ಷಿಸುವ ಶಾ256 ಮತ್ತು ಟಾರ್ ಎರಡೂ ಎಲ್ಲ ಸರಿಯಾಗಿದೆ ಎಂದು ಹೇಳುತ್ತಿರುತ್ತವೆ, ಓದುವವನಿಗೆ ಮಾತ್ರ ಒಂದು ಸಾಲೂ ಸಿಗುವುದಿಲ್ಲ. ಪ್ರತಿ ವರ್ಷದ ಫೋಲ್ಡರಿನೊಳಗೆ ಆ ಕಾಲದ ಫಾಂಟ್ ಫೈಲುಗಳನ್ನು ಒಂದು ಉಪಫೋಲ್ಡರಿನಲ್ಲಿ ಹಾಕಿ, ಯಾವ ಸಂಚಿಕೆಗೆ ಯಾವ ಫಾಂಟ್ ಎಂದು ಯುನಿಕೋಡ್ ಕನ್ನಡದಲ್ಲಿ ಬರೆದ ಚೀಟಿಯನ್ನೂ ಸೇರಿಸಿ. ಪೇಜ್‌ಮೇಕರ್ 7ರ ನಂತರ ಹೊಸ ಪೇಜ್‌ಮೇಕರ್ ಬರಲೇ ಇಲ್ಲ. ಅದನ್ನು ತೆರೆಯಬಲ್ಲ ಕಂಪ್ಯೂಟರ್ ನಿಮ್ಮ ಕಚೇರಿಯಲ್ಲಿ ಇನ್ನೂ ಉಸಿರಾಡುತ್ತಿರುವಾಗಲೇ ಪ್ರತಿ ಸಂಚಿಕೆಯನ್ನೂ ಫಾಂಟ್ ಒಳಸೇರಿಸಿದ ಪಿಡಿಎಫ್ ಮಾಡಿಕೊಳ್ಳಿ. ಲೇಖನಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ ಬರೀ ಪಠ್ಯವಾಗಿಯೂ ಉಳಿಸಿ. ಕುಗ್ಗಿಸುವುದಕ್ಕೆ ಇಟ್ಟುಕೊಂಡ ಸಮಯವನ್ನು ಇದಕ್ಕೆ ಕೊಟ್ಟರೆ ಸಾರ್ಥಕ.

ಅಳಿಸುವ ಪ್ರಶ್ನೆಗೆ ಈಗ ಉತ್ತರ. ಟಾರ್ ಮಾಡುವ ಮೊದಲೇ ಪ್ರತಿ ಫೈಲಿನ ಬೆರಳಚ್ಚನ್ನು ತೆಗೆದುಕೊಳ್ಳಿ:

ಫೈಂಡ್ 2008 -ಟೈಪ್ ಎಫ್ -ಎಕ್ಸೆಕ್ ಶಾ256ಸಮ್ {} + > 2008.ಶಾ256

ಒಂದೊಂದು ಫೈಲಿಗೂ 64 ಅಕ್ಷರದ ಸಂಖ್ಯೆಯೊಂದು ಹುಟ್ಟುತ್ತದೆ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಕಟ್ಟಿ, ಕುಗ್ಗಿಸಿ, ಹೊರಗಿನ ಡಿಸ್ಕಿಗೆ ಹಾಕಿದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಹೊಸ ಜಾಗದಲ್ಲಿ ಬಿಚ್ಚಿ, ಆ ಫೋಲ್ಡರಿನ ಹೊರಗೆ ನಿಂತು ‘ಶಾ256ಸಮ್ -ಸಿ --ಕ್ವೈಟ್ 2008.ಶಾ256’ ಎಂದು ಕೇಳಿ. ಏನೂ ಹೇಳದೆ ಮುಗಿದರೆ ಎಲ್ಲ ಸರಿ; ತಪ್ಪಿದ್ದರೆ ಆ ಫೈಲಿನ ಹೆಸರು ಹೇಳುತ್ತದೆ. ‘ಝಡ್‌ಎಸ್‌ಟಿಡಿ -ಟಿ’ ಎಂಬ ಪರೀಕ್ಷೆಯೂ ಇದೆ, ಆದರೆ ಅದು ಕುಗ್ಗಿಸಿದ್ದು ಕೆಟ್ಟಿಲ್ಲ ಎಂದಷ್ಟೇ ಹೇಳಬಲ್ಲದು, ನೀವು ಸರಿಯಾದ ಫೋಲ್ಡರನ್ನು ಕಟ್ಟಿದಿರೋ ಇಲ್ಲವೋ ಅದಕ್ಕೇನು ಗೊತ್ತು. ಎರಡು ಬೇರೆ ಡಿಸ್ಕುಗಳ ಮೇಲೆ, ಎರಡು ಬೇರೆ ಕಟ್ಟಡಗಳಲ್ಲಿ ಪ್ರತಿಗಳಿದ್ದು, ಎರಡೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಮೂಲವನ್ನು ಅಳಿಸಬಹುದು. ಅಲ್ಲಿಯವರೆಗೆ ಬೇಡ.

ಡಿಸ್ಕು ಮುಂದೆ ಎಂದಾದರೂ ಒಂದು ಕಡೆ ಕೆಟ್ಟರೆ ಏನಾಗುತ್ತದೆ ಎಂಬುದೂ ರೂಪದ ಮೇಲೆ ನಿಂತಿದೆ. ಬರೀ ಟಾರ್‌ನ ನಡುವೆ ಕೆಟ್ಟರೆ ಆ ಒಂದು ಫೈಲು ಹೋಗುತ್ತದೆ. ಟಾರ್ ಮುಂದಿನ ತಲೆಪಟ್ಟಿಯನ್ನು ಹುಡುಕಿಕೊಂಡು ಮುಂದುವರಿಯುತ್ತದೆ. ಜೀಜಿಪ್ ಮಾಡಿದ ಟಾರ್‌ನ ನಡುವೆ ಕೆಟ್ಟರೆ ಅಲ್ಲಿಂದಾಚೆಯದು ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ, ಝಡ್‌ಎಸ್‌ಟಿಡಿಯದೂ ಇದೇ ಕಥೆ. ಬಿಜಿಪ್2 ಹೆಚ್ಚೆಂದರೆ 900 ಕೆಬಿಯ ಸ್ವತಂತ್ರ ತುಂಡುಗಳಲ್ಲಿ ಕುಗ್ಗಿಸುವುದರಿಂದ ಉಳಿದ ತುಂಡುಗಳನ್ನು ಬಿಜಿಪ್2ರಿಕವರ್ ಎತ್ತಿಕೊಡುತ್ತದೆ. ಕನ್ನಡ ವಿಕಿಪೀಡಿಯದ ಪೂರ್ತಿ ಪಠ್ಯ ಇಂದಿಗೂ ಈ ರೂಪದಲ್ಲಿ ಇಳಿಸಿಕೊಳ್ಳಲು ಸಿಗುತ್ತದೆ. ಆದರೆ ಅದು ನಿಧಾನ. ನನಗೆ ಹಿಡಿಸುವ ಉಪಾಯ ಪಾರ್2: ‘ಪಾರ್2 ಕ್ರಿಯೇಟ್ -ಆರ್5’ ಎಂದು ಹೇಳಿ ಆರ್ಕೈವಿನ ಹೆಸರು ಕೊಟ್ಟರೆ ಅದರ ನೂರಕ್ಕೆ ಐದು ಪಾಲಿನಷ್ಟು ರಿಪೇರಿ ಸಾಮಗ್ರಿಯನ್ನು ಪಕ್ಕದಲ್ಲಿ ಇಡುತ್ತದೆ. ಅಷ್ಟರೊಳಗಿನ ಹಾನಿಯನ್ನು ಅದು ಸರಿಪಡಿಸಿಕೊಡುತ್ತದೆ. ಕುಗ್ಗಿಸಿ ಉಳಿಸಿದ ಜಾಗದಲ್ಲಿ ಸ್ವಲ್ಪವನ್ನು ಇದಕ್ಕೆ ಖರ್ಚು ಮಾಡಿ, ಜಿಪುಣತನ ಬೇಡ. ಹೊರಗಿನ ಡಿಸ್ಕು ಫ್ಯಾಟ್32 ಎಂಬ ಹಳೆಯ ಡಿಸ್ಕ್ ರೂಪದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳುವುದು ಸುಲಭ, ಇಲ್ಲವಾದರೆ ಸ್ಪ್ಲಿಟ್‌ನಿಂದ ಕತ್ತರಿಸಿ ಆಮೇಲೆ ಕ್ಯಾಟ್‌ನಿಂದ ಕೂಡಿಸಬಹುದು.

ಪಾಸ್‌ವರ್ಡ್ ಬಗ್ಗೆ: ಅಚ್ಚಾಗಿ ಊರೆಲ್ಲ ಓದಿದ ಸಂಚಿಕೆಗೆ ಬೀಗ ಯಾಕೆ? ನಿಮ್ಮ ಸಂಗ್ರಹದಲ್ಲಿ ಬೀಗ ಬೇಕಾದದ್ದು ಚಂದಾದಾರರ ವಿಳಾಸ, ಫೋನ್ ನಂಬರುಗಳ ಪಟ್ಟಿ, ಲೇಖಕರ ಬ್ಯಾಂಕ್ ವಿವರ, ಇಂಥವು. ಅವನ್ನು ಬೇರೆ ತೆಗೆಯಿರಿ. ಜಿಪ್‌ನ ಹಳೆಯ ಪಾಸ್‌ವರ್ಡ್ ವಿಧಾನವನ್ನು ನಂಬಬೇಡಿ: ಒಳಗಿನ ಒಂದಿಷ್ಟು ಪಠ್ಯ ಮೊದಲೇ ಗೊತ್ತಿದ್ದರೆ ಅದನ್ನು ಒಡೆಯಬಹುದೆಂದು ಬಿಹಾಮ್ ಮತ್ತು ಕೋಚರ್ 1994ರಲ್ಲೇ ತೋರಿಸಿದ್ದಾರೆ. ಟಾರ್ ಮಾಡಿ, ಕುಗ್ಗಿಸಿ, ಕೊನೆಯಲ್ಲಿ ‘ಜಿಪಿಜಿ -ಸಿ’ ಎಂದು ಬೀಗ ಹಾಕಿ. ಕ್ರಮ ಇದೇ ಇರಲಿ. ಬೀಗ ಹಾಕಿದ ದತ್ತಾಂಶ ಗೊತ್ತುಗುರಿಯಿಲ್ಲದ ಬೈಟುಗಳಂತೆ ಕಾಣುವುದರಿಂದ ಆಮೇಲೆ ಕುಗ್ಗಿಸಲು ಏನೂ ಉಳಿದಿರುವುದಿಲ್ಲ. ಪಾಸ್‌ವರ್ಡ್ ಮರೆತರೆ ಯಾವ ಅಂಗಡಿಯವರೂ ತೆಗೆದುಕೊಡಲಾರರು. ಎರಡು ಹಾಳೆಗಳ ಮೇಲೆ ಬರೆದು ಒಂದನ್ನು ಸಂಪಾದಕರ ಬಳಿ, ಇನ್ನೊಂದನ್ನು ಕಚೇರಿಯ ಲೆಕ್ಕಪತ್ರಗಳ ಬೀರುವಿನಲ್ಲಿ ಇಡಿ. ಡಿಸ್ಕಿನ ಡಬ್ಬಿಯೊಳಗೆ ಮಾತ್ರ ಇಡಬೇಡಿ.